ಎಡವಿದವರ ಧರ್ಮಸಭೆ: ಉರಾಕಾಮಿಯ ಗುಪ್ತ ಕ್ರೈಸ್ತರಿಂದ ಒಂದು ಪಾಠ

ಕಷ್ಟದಲ್ಲಿರುವವರಿಗೆ ಧೈರ್ಯ ಹೇಳುವುದು ಯಾಜಕಸೇವೆಯ ನಿತ್ಯದ ಕರ್ತವ್ಯ. ಆಗ ನಾವು ಸಾಮಾನ್ಯವಾಗಿ ರಕ್ತಸಾಕ್ಷಿಗಳನ್ನು ನೆನೆಯುತ್ತೇವೆ. ಅವರಂತೆ ಅಚಲರಾಗಿರಿ ಎನ್ನುತ್ತೇವೆ. ಮಾತು ಸತ್ಯವೇ. ಆದರೆ ಈಗಾಗಲೇ ಕುಸಿದಿರುವವನಿಗೆ, ಮಗುವನ್ನು ಮಣ್ಣು ಮಾಡಿ ಬಂದ ದಿನದಿಂದ ಪ್ರಾರ್ಥನೆಯನ್ನೇ ನಿಲ್ಲಿಸಿರುವ ತಾಯಿಗೆ, ಅದೇ ಮಾತು ಸಾಂತ್ವನಕ್ಕಿಂತ ತೀರ್ಪಾಗಿ ಕೇಳಿಸುವುದುಂಟು. ಅಂಥವರ ಮುಂದಿಡಲು ಧರ್ಮಸಭೆಯ ಇತಿಹಾಸದಲ್ಲಿ ಏನಿದೆ? ಜಪಾನಿನ ನಾಗಸಾಕಿಯ ಬಳಿಯ ಉರಾಕಾಮಿ ಗ್ರಾಮದ ಚರಿತ್ರೆ ಈ ಪ್ರಶ್ನೆಗೆ ಉತ್ತರ ಕೊಡುತ್ತದೆಂಬುದು ನಮ್ಮ ಅಭಿಪ್ರಾಯ.

ಸಂತ ಫ್ರಾನ್ಸಿಸ್ ಕ್ಸೇವಿಯರರು 1549ರ ಆಗಸ್ಟ್ 15ರಂದು ಕಾಗೋಶಿಮಾದಲ್ಲಿ ಬಂದಿಳಿದರು. ಅರ್ಧ ಶತಮಾನ ತುಂಬುವ ಮೊದಲೇ, 1597ರ ಫೆಬ್ರವರಿ 5ರಂದು, ನಾಗಸಾಕಿಯಲ್ಲಿ 26 ಮಂದಿಯನ್ನು ಶಿಲುಬೆಗೇರಿಸಲಾಯಿತು. ಅವರಲ್ಲೊಬ್ಬರಾದ ಸಂತ ಗೊನ್ಸಾಲೊ ಗಾರ್ಸಿಯಾ ನಮ್ಮ ನಾಡಿನ ವಸಾಯಿಯಲ್ಲಿ ಹುಟ್ಟಿದವರು. 1614ರಲ್ಲಿ ದೇಶದಾದ್ಯಂತ ಕ್ರೈಸ್ತಧರ್ಮ ನಿಷೇಧಕ್ಕೊಳಗಾಯಿತು. 1644ರಲ್ಲಿ, ಉಳಿದಿದ್ದ ಕೊನೆಯ ಯಾಜಕರಾದ ಕೊನಿಶಿ ಮಾನ್ಸಿಯೊ ಅವರೂ ಹತರಾದರು. ಅಲ್ಲಿಂದ ಮುಂದೆ ಇನ್ನೂರಕ್ಕೂ ಹೆಚ್ಚು ವರ್ಷ ಬಲಿಪೂಜೆಯಿಲ್ಲ, ಪಾಪನಿವೇದನೆಯಿಲ್ಲ.

ಆ ಅವಧಿಯಲ್ಲಿ ನಾಗಸಾಕಿಯ ಜನರು ವರ್ಷಕ್ಕೊಮ್ಮೆ ಅಧಿಕಾರಿಗಳ ಮುಂದೆ ಸಾಲಾಗಿ ಬಂದು, ಪ್ರಭುಕ್ರಿಸ್ತರ ಅಥವಾ ಮಾತೆ ಮರಿಯಮ್ಮನವರ ರೂಪವಿದ್ದ ಫಲಕವನ್ನು ತುಳಿಯಬೇಕಾಗಿತ್ತು. ಇದಕ್ಕೆ ‘ಫುಮಿಎ’ ಎಂದು ಹೆಸರು. ತುಳಿಯಲೊಪ್ಪದವರಿಗೆ ಸೆರೆಮನೆ, ಚಿತ್ರಹಿಂಸೆ, ಮರಣ ಕಾದಿದ್ದವು. ಉರಾಕಾಮಿಯಲ್ಲಿ ಇದು ಗ್ರಾಮದ ಮುಖಂಡನ ಮನೆಯಲ್ಲಿ ನಡೆಯುತ್ತಿತ್ತು. ಗುಪ್ತ ಕ್ರೈಸ್ತರೂ ತುಳಿದರು. ವರ್ಷ ವರ್ಷವೂ, ತಲೆಮಾರು ತಲೆಮಾರಾಗಿ ತುಳಿದರು. ರಕ್ತಸಾಕ್ಷಿಗಳ ಚರಿತ್ರೆ ಬರೆಯುವವರು ಇಲ್ಲಿ ಬೇಗ ಪುಟ ತಿರುಗಿಸುತ್ತಾರೆ. ನಾವು ನಿಂತು ನೋಡಬೇಕಾದದ್ದು ಇಲ್ಲಿಯೇ. ತುಳಿದು ಮನೆಗೆ ಮರಳಿದ ಮೇಲೆ ಅವರು ಏನು ಮಾಡುತ್ತಿದ್ದರು?

ಅವರು ಪಶ್ಚಾತ್ತಾಪದ ಪ್ರಾರ್ಥನೆ ಹೇಳಿಕೊಳ್ಳುತ್ತಿದ್ದರು. ನಿಷೇಧಕ್ಕಿಂತ ಮುಂಚೆಯೇ, 1603ರಲ್ಲಿ, ಧರ್ಮಾಧ್ಯಕ್ಷ ಲೂಯಿಸ್ ಸೆರ್ಕೇರಾ ಅವರ ಕಾಲದಲ್ಲಿ, ‘ಕೊಂಚಿರಿಸಾನ್ ನೊ ರ್ಯಾಕು’ ಎಂಬ ಕಿರುಪುಸ್ತಕ ಸಿದ್ಧವಾಗಿತ್ತು. ಪಶ್ಚಾತ್ತಾಪ ಎಂಬರ್ಥದ ಪೋರ್ಚುಗೀಸ್ ಪದವೇ ಜಪಾನೀ ನಾಲಿಗೆಯಲ್ಲಿ ‘ಕೊಂಚಿರಿಸಾನ್’ ಆಯಿತು. ದೇವರ ಮೇಲಣ ಪ್ರೀತಿಯಿಂದಲೇ ಹುಟ್ಟುವ ಪರಿಪೂರ್ಣ ಪಶ್ಚಾತ್ತಾಪವು, ಸಂಸ್ಕಾರವನ್ನು ಪಡೆಯುವ ಹಂಬಲದೊಡನೆ ಕೂಡಿದ್ದರೆ, ಯಾಜಕರು ದೊರೆಯುವ ಮೊದಲೇ ಮನುಷ್ಯನನ್ನು ದೇವರೊಡನೆ ಸಂಧಾನಗೊಳಿಸುತ್ತದೆಂದು ಟ್ರೆಂಟ್ ಮಹಾಸಭೆ 1551ರಲ್ಲಿ ಬೋಧಿಸಿತ್ತು. ಆ ಬೋಧನೆಯನ್ನೇ ಈ ಪುಸ್ತಕ ಸಾಮಾನ್ಯ ಜನರ ಕೈಗಿತ್ತಿತು. ಅಚ್ಚಾದ ಪ್ರತಿಗಳು ಅಳಿದವು. ಕೈಬರಹದ ಪ್ರತಿಗಳಲ್ಲಿಯೂ ಕಂಠಪಾಠದಲ್ಲಿಯೂ ಪ್ರಾರ್ಥನೆ ಉಳಿಯಿತು. ಇದನ್ನು ತಪ್ಪಿಗೆ ಕೊಟ್ಟ ಪರವಾನಗಿಯೆಂದು ಯಾರೂ ಭಾವಿಸಬಾರದು. ತುಳಿದದ್ದು ಪಾಪವಲ್ಲವೆಂದು ಅವರು ತಮ್ಮನ್ನು ಸಮಾಧಾನಪಡಿಸಿಕೊಂಡಿದ್ದರೆ, ಅಳುವ ಅಗತ್ಯವೇ ಇರುತ್ತಿರಲಿಲ್ಲ. ತಪ್ಪನ್ನು ತಪ್ಪೆಂದೇ ಕರೆದು, ಅದರಾಚೆಗೂ ದಾರಿಯಿದೆಯೆಂದು ನಂಬಿದ್ದೇ ಅವರ ಬಲ.

ಈ ಬಲ ಒಬ್ಬೊಬ್ಬರ ಎದೆಗಾರಿಕೆಯನ್ನು ಮಾತ್ರ ಅವಲಂಬಿಸಿರಲಿಲ್ಲ. ಗ್ರಾಮದಲ್ಲಿ ಮೂರು ಹೊಣೆಗಳಿದ್ದವು: ಹಬ್ಬಗಳ ಪಂಚಾಂಗವನ್ನು ಕಾಯುವ ‘ಚೋಕಾತಾ’, ಜ್ಞಾನಸ್ನಾನ ಕೊಡುವ ‘ಮಿಜುಕಾತಾ’, ಮನೆಮನೆಗೆ ಸುದ್ದಿ ಮುಟ್ಟಿಸುವ ‘ಕಿಕಿಯಾಕು’. ಎಲ್ಲರೂ ಶ್ರೀಸಾಮಾನ್ಯರು, ರೈತರು. ತಾನೇ ಪ್ರಾರ್ಥಿಸಲಾರದಷ್ಟು ಸೋತವನಿಗೂ ಇಂದು ಯಾವ ಹಬ್ಬವೆಂದು ತಿಳಿಸಲು ಒಬ್ಬ ನೆರೆಯವನಿದ್ದನು.

1865ರಲ್ಲಿ ವಿದೇಶೀಯರಿಗಾಗಿ ನಾಗಸಾಕಿಯ ಓಉರಾದಲ್ಲಿ ದೇವಾಲಯವೊಂದು ತಲೆಯೆತ್ತಿತು. ಅಲ್ಲಿದ್ದವರು ಪೆತಿಜಾನ್ ಗುರುಗಳು. ನಮ್ಮ ಮೈಸೂರು ಸೀಮೆಯಲ್ಲಿಯೂ ದುಡಿದ ಪ್ಯಾರಿಸ್ ವಿದೇಶೀ ಮಿಷನ್ ಸಂಸ್ಥೆಗೆ ಸೇರಿದವರು. ಮಾರ್ಚ್ 17ರಂದು ಉರಾಕಾಮಿಯ ಹದಿನೈದರಷ್ಟು ಮಂದಿ ಒಳಗೆ ಬಂದರು. ಅವರಲ್ಲೊಬ್ಬ ಮಹಿಳೆ ಗುರುಗಳ ಬಳಿ ಸಾರಿ, ತಮ್ಮೆಲ್ಲರ ಹೃದಯವೂ ಅವರ ಹೃದಯವೂ ಒಂದೇ ಎಂದು ಪಿಸುಗುಟ್ಟಿ, ಮಾತೆ ಮರಿಯಮ್ಮನವರ ಪ್ರತಿಮೆ ಎಲ್ಲಿದೆಯೆಂದು ಕೇಳಿದಳು. ಅಂದು ದುಃಖದ ಕಾಲದ ಹದಿನೇಳನೆಯ ದಿನವೆಂದೂ ಅವರು ತಿಳಿಸಿದರು. ಆ ವರ್ಷ ವಿಭೂತಿ ಬುಧವಾರ ಬಂದದ್ದು ಮಾರ್ಚ್ 1ರಂದು. ಎರಡು ಶತಮಾನಗಳ ಅಜ್ಞಾತವಾಸದ ಬಳಿಕವೂ ತಪಸ್ಸುಕಾಲದ ಎಣಿಕೆ ಒಂದು ದಿನವೂ ತಪ್ಪಿರಲಿಲ್ಲ.

ಕಥೆ ಇಲ್ಲಿಗೆ ಸುಖಾಂತವಾಗಲಿಲ್ಲ. 1867ರಲ್ಲಿ ಮತ್ತೆ ಬಂಧನಗಳು ಆರಂಭವಾದವು. ಸೆರೆಯಾದವರಲ್ಲಿ ಬಹುತೇಕರು ಚಿತ್ರಹಿಂಸೆಗೆ ಮಣಿದು ವಿಶ್ವಾಸವನ್ನು ನಿರಾಕರಿಸಿದರು. ಆದರೆ ಊರಿಗೆ ಮರಳಿದ ಮೇಲೆ ಅವರಲ್ಲಿ ಅನೇಕರು ಮುಖಂಡನಲ್ಲಿಗೆ ಹೋಗಿ, ಆ ನಿರಾಕರಣೆಯನ್ನು ಹಿಂತೆಗೆದುಕೊಂಡರು. ಮುಂದೆ ಸುಮಾರು 3,400 ಮಂದಿ ಗಡೀಪಾರಾದರು. 600ಕ್ಕೂ ಹೆಚ್ಚು ಮಂದಿ ಅಲ್ಲಿಯೇ ಸತ್ತರು. ಆ ಗಡೀಪಾರನ್ನು ಅವರು ‘ಪಯಣ’ ಎಂದು ಕರೆದರು. 1873ರಲ್ಲಿ ನಿಷೇಧ ತೆರವಾಗಿ, ಬದುಕುಳಿದವರು ಹಿಂದಿರುಗಿದಾಗ, ತಮ್ಮವರು ಫಲಕ ತುಳಿದಿದ್ದ ಮುಖಂಡನ ನಿವೇಶನವನ್ನೇ ಕೊಂಡುಕೊಂಡು, ಅಲ್ಲಿಯೇ ದೇವಾಲಯ ಕಟ್ಟಿದರು. ಸೋಲಿನ ನೆಲವೇ ಬಲಿಪೀಠದ ನೆಲವಾಯಿತು.

1945ರ ಆಗಸ್ಟ್ 9ರಂದು ಆ ಮಹಾದೇವಾಲಯದಿಂದ ಸುಮಾರು 500 ಮೀಟರ್ ದೂರದಲ್ಲಿ ಪರಮಾಣು ಬಾಂಬು ಸಿಡಿಯಿತು. ಮಾತೆಯ ಸ್ವರ್ಗಸ್ವೀಕಾರದ ಹಬ್ಬಕ್ಕೆ ಸಿದ್ಧರಾಗಲೆಂದು ಒಳಗೆ ಪಾಪನಿವೇದನೆ ನಡೆಯುತ್ತಿತ್ತು. ಇಬ್ಬರು ಗುರುಗಳೂ ಕಾದಿದ್ದ ವಿಶ್ವಾಸಿಗಳೂ ಮಡಿದರು. ಉರಾಕಾಮಿಯ ಸುಮಾರು 12,000 ಕಥೋಲಿಕರಲ್ಲಿ 8,500ರಷ್ಟು ಮಂದಿ ಇಲ್ಲವಾದರು. ಈ ಸಾವುಗಳಿಗೆ ವಿವರಣೆ ಕೊಡಲು ನಾವು ಮುಂದಾಗುವುದಿಲ್ಲ. ಉಳಿದವರು ಮತ್ತೆ ಕಟ್ಟಿದರು. 1959ರಲ್ಲಿ ದೇವಾಲಯ ಪುನಃ ಎದ್ದಿತು ಎಂಬುದಷ್ಟನ್ನೇ ಹೇಳುತ್ತೇವೆ.

ಪೇತ್ರನು ತಮ್ಮನ್ನು ನಿರಾಕರಿಸುವನೆಂದು ಅರಿತಿದ್ದ ಪ್ರಭು, ಮರಳಿ ಬಂದ ಮೇಲೆ ಸಹೋದರರನ್ನು ದೃಢಪಡಿಸುವ ಹೊಣೆಯನ್ನು ಅವನಿಗೇ ವಹಿಸಿದರೆಂದು ಸಂತ ಲೂಕನ ಶುಭಸಂದೇಶ ತಿಳಿಸುತ್ತದೆ. ಬೀಳುವ ಮೊದಲೇ ಮರಳುವ ದಾರಿ ಸಿದ್ಧವಾಗಿತ್ತು. 1603ರ ಆ ಕಿರುಪುಸ್ತಕದಂತೆ. ಆದ್ದರಿಂದ ನಮ್ಮ ಕೆಲಸ ಬಿರುಗಾಳಿಗೆ ಮುಂಚೆಯೇ ಆರಂಭವಾಗಬೇಕು: ಪಶ್ಚಾತ್ತಾಪವೆಂದರೇನೆಂದು ಜನರಿಗೆ ನೆಮ್ಮದಿಯ ದಿನಗಳಲ್ಲಿಯೇ ಕಲಿಸಬೇಕು, ಒಬ್ಬರು ಸೋತಾಗ ಇನ್ನೊಬ್ಬರು ಎಣಿಕೆ ಮುಂದುವರಿಸುವಂತೆ ಧರ್ಮಕೇಂದ್ರವನ್ನು ರೂಪಿಸಬೇಕು. ರಕ್ತಸಾಕ್ಷಿಗಳನ್ನು ಕೊಂಡಾಡುವ ಪ್ರಬೋಧನೆಯಲ್ಲಿ, ತುಳಿದು ಮನೆಗೆ ಬಂದು ಅತ್ತವರಿಗೂ ಒಂದು ವಾಕ್ಯವಿರಲಿ. ಆ ವಾಕ್ಯಕ್ಕಾಗಿ ಕಾದಿರುವವರು ಹಿಂದಿನ ಸಾಲುಗಳಲ್ಲಿ ಕುಳಿತಿರುತ್ತಾರೆ.