ತಕ್ಕಡಿ, ಮುದ್ರೆ ಮತ್ತು ಅಚೌರ್ಯಾಣುವ್ರತ

ಗೃಹಸ್ಥನಿಗೆ ವಿಧಿಸಲಾದ ಪಂಚಾಣುವ್ರತಗಳಲ್ಲಿ ವ್ಯಾಪಾರಿಯನ್ನು ಪ್ರತಿದಿನವೂ ಅವನ ಅಂಗಡಿಯಲ್ಲಿಯೇ ಪರೀಕ್ಷಿಸುವ ವ್ರತವೆಂದರೆ ಅಚೌರ್ಯ. ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಈ ವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಎರಡು ಪ್ರಸ್ತುತ ವಿಷಯಕ್ಕೆ ನೇರವಾಗಿ ಸಂಬಂಧಿಸಿವೆ: ರಾಜ್ಯದ ಕಟ್ಟಳೆಯನ್ನು ಮೀರುವ ವಿರುದ್ಧರಾಜ್ಯಾತಿಕ್ರಮ ಮತ್ತು ಅಳತೆ ತೂಕಗಳನ್ನು ಹೆಚ್ಚುಕಡಿಮೆ ಮಾಡುವ ಹೀನಾಧಿಕಮಾನೋನ್ಮಾನ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವೂ ಇವೆರಡನ್ನು ಬಿಟ್ಟಿಲ್ಲ. ಮೊದಲನೆಯದನ್ನು ಅದು ವಿಲೋಪವೆಂದು ಕರೆಯುತ್ತದೆ. ಒಂದು ರಾಜ್ಯಕ್ಕೆ ಎಸಗುವ ದ್ರೋಹ, ಇನ್ನೊಂದು ಗಿರಾಕಿಗೆ. ರಾಜ್ಯವೇ ನಾಣ್ಯವನ್ನೂ ಅಳತೆಯನ್ನೂ ಬದಲಾಯಿಸಿದಾಗ ಇವೆರಡೂ ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. 1957ರಿಂದ ಮುಂದಿನ ಕೆಲವು ವರ್ಷ ನಮ್ಮ ನಾಡಿನ ಚಿಲ್ಲರೆ ವ್ಯಾಪಾರಿಗೆ ಒದಗಿದ್ದು ಇಂತಹ ಕಾಲ.

ಅಳತೆಯ ಮೇಲೆ ಪ್ರಭುತ್ವದ ಹಿಡಿತ ಹೊಸದೇನಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಪೌತವಾಧ್ಯಕ್ಷನೆಂಬ ಅಧಿಕಾರಿಯೇ ಇದ್ದಾನೆ. ವ್ಯಾಪಾರಿಯು ನಾಲ್ಕು ತಿಂಗಳಿಗೊಮ್ಮೆ ತನ್ನ ತೂಕದ ಕಲ್ಲುಗಳಿಗೆ ಮುದ್ರೆ ಹಾಕಿಸಬೇಕು; ಮುದ್ರೆಯಿಲ್ಲದಿದ್ದರೆ ಇಪ್ಪತ್ತೇಳೂಕಾಲು ಪಣ ದಂಡ; ಅದರ ಮೇಲೆ ದಿನಕ್ಕೊಂದು ಕಾಕಿಣಿಯ ಶುಲ್ಕ ಬೇರೆ. ಪರಿಶೀಲನೆಯ ವೆಚ್ಚವನ್ನು ಪರಿಶೀಲನೆಗೊಳಗಾಗುವವನೇ ಭರಿಸಬೇಕೆಂಬ ನೀತಿ ಅಷ್ಟು ಹಳೆಯದು.

1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಉದಯಿಸಿದಾಗ ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಮತ್ತು ಹಳೆಯ ಮೈಸೂರು ಎಂಬ ಐದು ಆಡಳಿತಗಳ ರೂಢಿಗಳು ಒಂದೇ ಸೂರಿನಡಿ ಬಂದವು. ಮಣವೆಂಬ ಮಾತು ಒಂದೇ, ಭಾರ ಬೇರೆ ಬೇರೆ. ಮದರಾಸಿನ ಮಣ 25 ಪೌಂಡು, ಮುಂಬಯಿಯದು 28 ಪೌಂಡು, ರೈಲ್ವೆ ಲೆಕ್ಕದ ಮಣ 82 ಪೌಂಡಿಗೂ ಮಿಗಿಲು. ಸೇರು ಒಂದೆಡೆ 80 ತೊಲ, ಮೈಸೂರು ಸೀಮೆಯ ಕಚ್ಚಾ ಸೇರು 24 ತೊಲ. ಧಾನ್ಯವನ್ನಂತೂ ತೂಗುತ್ತಲೇ ಇರಲಿಲ್ಲ. ಪಾವು, ಸೇರು, ಕೊಳಗಗಳಲ್ಲಿ ಅಳೆಯುತ್ತಿದ್ದರು. ರಾಶಿಯನ್ನು ಶಿಖರದಂತೆ ಬಿಟ್ಟು ಅಳೆಯುವುದೋ, ಕೈಯಿಂದ ಸವರಿ ಅಳೆಯುವುದೋ ಎಂಬುದು ಊರಿನ ವಾಡಿಕೆಗೆ ಬಿಟ್ಟ ವಿಷಯ. ಕೊಳ್ಳುವಾಗ ಶಿಖರ, ಮಾರುವಾಗ ಸವರುವಿಕೆ ಎಂಬ ಜಾಣರೂ ಇದ್ದರು. ಅವರಲ್ಲಿ ನಮ್ಮವರು ಯಾರೂ ಇರಲಿಲ್ಲವೆಂದು ಹೇಳುವ ಧೈರ್ಯ ನನಗಿಲ್ಲ.

ಮೊದಲು ಬಂದದ್ದು ನಾಣ್ಯದ ಬದಲಾವಣೆ. 1955ರ ತಿದ್ದುಪಡಿ ಕಾನೂನಿನಂತೆ 1957ರ ಏಪ್ರಿಲ್ 1ರಿಂದ 16 ಆಣೆಯ ರೂಪಾಯಿ 100 ನಯೇ ಪೈಸೆಯ ರೂಪಾಯಿಯಾಯಿತು. ಒಂದಾಣೆಗೆ ಆರೂಕಾಲು ನಯೇ ಪೈಸೆ. ಕಾಲು ಪೈಸೆಯ ನಾಣ್ಯವಿಲ್ಲವಾದ್ದರಿಂದ ಅರ್ಧ ಅಥವಾ ಅದಕ್ಕೂ ಕಡಿಮೆ ಭಾಗವನ್ನು ಬಿಡಬೇಕು, ಅರ್ಧಕ್ಕೆ ಮೀರಿದ್ದನ್ನು ಒಂದೆಂದು ಎಣಿಸಬೇಕು ಎಂಬುದು ನಿಯಮ. ಕಾಗದದ ಮೇಲೆ ಇದು ನಿರ್ದುಷ್ಟ. ಅಂಗಡಿಯ ಕಟ್ಟೆಯ ಮೇಲೆ ಏನಾಗುತ್ತದೆಂಬುದನ್ನು ಲೆಕ್ಕ ಮಾಡಿ ನೋಡೋಣ. ಎರಡಾಣೆಯ ವಸ್ತುವನ್ನು ಎಂಟು ಜನರಿಗೆ ಮಾರಿದರೆ ಹಿಂದೆ ಒಂದು ರೂಪಾಯಿ ಪೂರ್ತಿ ಕೈಸೇರುತ್ತಿತ್ತು. ಈಗ ಒಬ್ಬೊಬ್ಬರಿಂದ 12ರಂತೆ 96 ನಯೇ ಪೈಸೆ. ಕಿರುಕುಳ ವ್ಯಾಪಾರದಲ್ಲಿ ರೂಪಾಯಿಗೆ ನಾಲ್ಕು ಪೈಸೆ ಸಣ್ಣ ಮಾತಲ್ಲ. ಇನ್ನು ಕಾಲಾಣೆಯ ಗಿರಾಕಿಯ ಗತಿ? ಕಾಲಾಣೆಗೆ ಒಂದೂವರೆಗಿಂತ ತುಸು ಹೆಚ್ಚು, ಆದ್ದರಿಂದ ಎರಡು ಪೈಸೆ. ನಾಲ್ಕು ಬಾರಿ ಕಾಲಾಣೆಯ ಸಾಮಾನು ಒಯ್ಯುವ ಕೂಲಿಯವನು 8 ಪೈಸೆ ತೆರುತ್ತಾನೆ. ಅದನ್ನೇ ಒಮ್ಮೆಗೆ ಒಯ್ಯುವ ಅನುಕೂಲಸ್ಥ 6 ಪೈಸೆ ಮಾತ್ರ. ನಿಯಮ ಎಲ್ಲರಿಗೂ ಒಂದೇ, ಹೊರೆ ಒಂದೇ ಅಲ್ಲ.

ಇಲ್ಲಿ ದೋಷ ಯಾರದು? ಪ್ರಮತ್ತಯೋಗದಿಂದ, ಅಂದರೆ ಕಷಾಯಪೂರ್ವಕವಾಗಿ ಮಾಡಿದ್ದೇ ಹಿಂಸೆಯೂ ಚೌರ್ಯವೂ ಆಗುತ್ತದೆಂಬುದು ನಮ್ಮ ಶಾಸ್ತ್ರದ ನಿಲುವು. ಸರ್ಕಾರದ ಪಟ್ಟಿಯಂತೆ ಎರಡು ಪೈಸೆ ಪಡೆದವನು ಕಳ್ಳನಲ್ಲ. ಆದರೆ ನಾಲ್ಕು ಸಲ ಬಂದವನ ಲೆಕ್ಕವನ್ನು ಸಂಜೆಗೆ ಒಟ್ಟುಗೂಡಿಸಿ ಆರೇ ಪೈಸೆ ಪಡೆಯಲು ಯಾವ ಕಾನೂನೂ ಅಡ್ಡಿ ಮಾಡಿರಲಿಲ್ಲ. ಲಾಭವೆಂದು ತಿಳಿದೂ ಬೇಕೆಂದೇ ಬಿಡಿಬಿಡಿಯಾಗಿ ವಸೂಲು ಮಾಡಿದವನು ರಾಜ್ಯಾತಿಕ್ರಮದಿಂದ ಪಾರಾದನೇ ಹೊರತು ಅತಿಚಾರದಿಂದ ಪಾರಾಗಲಿಲ್ಲವೆಂದೇ ನನ್ನ ಭಾವನೆ.

ತೂಕದ ಸರದಿ ಆಮೇಲೆ. 1956ರ ತೂಕ ಮತ್ತು ಅಳತೆಗಳ ಪ್ರಮಾಣ ಕಾನೂನಿನ ಮೇರೆಗೆ 1958ರ ಅಕ್ಟೋಬರಿನಿಂದ ಆಯ್ದ ಪ್ರದೇಶಗಳಲ್ಲಿ ಕಿಲೋಗ್ರಾಂ ಬಂದಿತು. ಬದಲಾವಣೆಗೆ ಹತ್ತು ವರ್ಷಗಳ ಅವಕಾಶವಿರಿಸಿಕೊಂಡು ಹಂತಹಂತವಾಗಿ ನಡೆದದ್ದು ಸ್ತುತ್ಯವೇ. ಆದರೂ ಸಣ್ಣ ಅಂಗಡಿಯವನು ಹಳೆಯ ಕಲ್ಲುಗಳನ್ನು ಗುಜರಿಗೆ ಹಾಕಿ, ಹೊಸದನ್ನು ಕೊಂಡು, ಶುಲ್ಕ ತೆತ್ತು, ಮುದ್ರೆಗಾಗಿ ದಿನದ ವ್ಯಾಪಾರ ಬಿಟ್ಟು ಕಾಯಬೇಕಾಯಿತು. ದೊಡ್ಡ ಮಂಡಿಯವನಿಗೆ ಗುಮಾಸ್ತನಿದ್ದ; ಇವನಿಗೆ ತಾನೇ ಗುಮಾಸ್ತ. 24 ತೊಲದ ಕಚ್ಚಾ ಸೇರು ಸುಮಾರು 280 ಗ್ರಾಂ. ಅದರ ಜಾಗದಲ್ಲಿ ಕಾಲು ಕಿಲೋ ಕಟ್ಟಿ ಹಳೆಯ ಬೆಲೆಯನ್ನೇ ಹೇಳಿದರೆ ಗಿರಾಕಿಗೆ ಹತ್ತರಲ್ಲೊಂದು ಪಾಲಿಗೂ ಮಿಕ್ಕಿ ನಷ್ಟ. ತಕ್ಕಡಿ ಸರಿ, ಕಲ್ಲು ಸರಿ, ಮುದ್ರೆಯೂ ಸರಿ. ಹೀನಮಾನ ಬೆಲೆಯೊಳಗೆ ಅಡಗಿ ಕುಳಿತಿರುತ್ತದೆ.

ಇಷ್ಟಾದರೂ ಆ ಸುಧಾರಣೆ ಬೇಡವಾಗಿತ್ತೆಂದು ನಾನು ಹೇಳಲಾರೆ. ಊರಿಗೊಂದು ಸೇರು ಇದ್ದ ಕಾಲದಲ್ಲಿ ನಷ್ಟ ಅನುಭವಿಸುತ್ತಿದ್ದವನು ಸಂತೆಗೆ ಧಾನ್ಯ ತಂದ ರೈತ. ಅವನಿಗೆ ಕಿಲೋಗ್ರಾಂ ರಕ್ಷೆಯಾಯಿತು. ನಮ್ಮ ಅಟ್ಟದ ಮೇಲೆ ತಂದೆಯವರ ಕಾಲದ ಹಿತ್ತಾಳೆಯ ಸೇರೊಂದು ಇನ್ನೂ ಇದೆ. ಅದರ ಬಾಯಂಚು ಸವೆದಿರುವುದನ್ನು ನೋಡಿದಾಗಲೆಲ್ಲ ಎಷ್ಟು ಕಾಳು ಯಾರ ಕಡೆಗೆ ಉಳಿಯಿತೋ ಎಂದು ಯೋಚಿಸುತ್ತೇನೆ.

1976ರಲ್ಲಿ ಹೊಸ ಕಾನೂನು ಬಂದಿತು. ಅದರ ಸ್ಥಾನವನ್ನು 2009ರ ಕಾನೂನುಬದ್ಧ ಮಾಪನ ಅಧಿನಿಯಮವು 2011ರ ಏಪ್ರಿಲ್ 1ರಿಂದ ವಹಿಸಿಕೊಂಡಿತು. 2011ರ ನಿಯಮಗಳಲ್ಲಿ ಎಲೆಕ್ಟ್ರಾನಿಕ್ ತೂಕಯಂತ್ರಕ್ಕೆ 12 ತಿಂಗಳು, ಕಬ್ಬಿಣದ ಕಲ್ಲು ಮತ್ತು ದಂಡದ ತಕ್ಕಡಿಗೆ 24 ತಿಂಗಳ ಮುದ್ರಾವಧಿ. ಕೌಟಿಲ್ಯನಿಗಿಂತ ಉದಾರವೇ ಸರಿ. ಆದರೂ ಬಸದಿಯ ಮುಂದೆ ಹೂ ಮಾರುವ ತಾಯಂದಿರು ಇಂದಿಗೂ ಮೊಳ ಹಾಕಿಯೇ ಕೊಡುತ್ತಾರೆ. ಒಬ್ಬೊಬ್ಬರ ಮೊಳ ಒಂದೊಂದು ಉದ್ದ, ಯಾವುದಕ್ಕೂ ಮುದ್ರೆಯಿಲ್ಲ. ಕೊನೆಗೆ ನಾಲ್ಕು ಬೆರಳು ಹೆಚ್ಚಾಗಿಯೇ ಕತ್ತರಿಸುತ್ತಾರೆ.