ಅಂಗಾಂಶ ಸಂರಕ್ಷಣೆಯೂ ಗಂತಿಯ ಅಳತೆಯೂ

ಕೊರಟಗೆರೆಯ ಸಮೀಪದ ಸಿದ್ದರಬೆಟ್ಟವು ಮೂಲಿಕೆಗಳಿಗೆ ಹೆಸರಾದುದು. ಮೂಲಿಕೆಯನ್ನು ಬಲ್ಲವರು ಹಸಿಯ ಬೇರನ್ನೂ ಒಣಗಿದ ಬೇರನ್ನೂ ಒಂದೇ ಅಳತೆಯಲ್ಲಿ ಎಣಿಸುವುದಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಂತಿಯ ವಿಷಯದಲ್ಲಿಯೂ ಇದೇ ಎಚ್ಚರಿಕೆ ಅವಶ್ಯಕವೆಂಬುದನ್ನು ನಾವು ಇಲ್ಲಿ ವಿವೇಚಿಸುತ್ತೇವೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಅಂಗಾಂಶಗಳನ್ನು ಹೆಚ್ಚಾಗಿ ಮದ್ಯಸಾರದಲ್ಲಿ ಕಾಪಿಡುತ್ತಿದ್ದರು. ಅದು ನೀರನ್ನು ಸೆಳೆದು ಅವನ್ನು ಬಹಳ ಕುಗ್ಗಿಸುತ್ತಿತ್ತು. ಫ್ರಾಂಕ್‌ಫರ್ಟಿನ ಫರ್ಡಿನಾಂಡ್ ಬ್ಲೂಮನು ಫಾರ್ಮಾಲಿನ್ನನ್ನು ಕ್ರಿಮಿನಾಶಕವಾಗಿ ಪರೀಕ್ಷಿಸುತ್ತಿದ್ದಾಗ ತನ್ನ ಬೆರಳಿನ ಚರ್ಮ ಗಡುಸಾದುದನ್ನು ಕಂಡನು. 1893ರಲ್ಲಿ ಅದರ ಸಂರಕ್ಷಕ ಗುಣವನ್ನು ಪ್ರಕಟಿಸಿದನು. ಪ್ರೋಟೀನುಗಳನ್ನು ಒಂದಕ್ಕೊಂದು ಬಂಧಿಸುವ ಈ ದ್ರಾವಣ ಎಲ್ಲೆಡೆ ರೂಢಿಗೆ ಬಂದಿತು. ಕುಗ್ಗುವಿಕೆ ಕಡಿಮೆಯಾಯಿತು, ನಿಲ್ಲಲಿಲ್ಲ.

1943ರಿಂದ 1952ರವರೆಗೆ ಫ್ರಾನ್ಸಿನ ಪಿಯರ್ ದೆನ್ವಾ ಟಿಎನ್‌ಎಂ ವರ್ಗೀಕರಣವನ್ನು ರೂಪಿಸಿದ ಮೇಲೆ ಅಳತೆಯ ಮಹತ್ವ ಹೆಚ್ಚಿತು. ಸ್ತನದ ಗಂತಿಯ ಮೊದಲ ವರ್ಗಕ್ಕೆ 20 ಮಿಲಿಮೀಟರು ಮೇರೆ. ಹಸಿಯಾಗಿ 21 ಇದ್ದುದು ಕುಗ್ಗಿ 20 ಆದರೆ ವರ್ಗವೇ ಬದಲಾಗುತ್ತದೆ.

ಹೊಗೆಸೊಪ್ಪು ಜಗಿಯುವವರಲ್ಲಿ ಕಾಣುವ ಬಾಯಿಯ ಕ್ಯಾನ್ಸರಿನಲ್ಲಿ ಇನ್ನೊಂದು ತೊಡಕುಂಟು. ಕೊಯ್ದೊಡನೆಯೇ, ಫಾರ್ಮಾಲಿನ್ನಿಗೆ ಸೇರುವ ಮೊದಲೇ, ಸ್ನಾಯು ಸೆಳೆದುಕೊಂಡು ಗಂತಿಯ ಸುತ್ತಣ ನಿರೋಗಿ ಅಂಚು ಕಿರಿದಾಗುತ್ತದೆ. ಶಸ್ತ್ರವೈದ್ಯರು ಸಾಕಷ್ಟು ಅಂಚನ್ನು ಸೇರಿಸಿ ತೆಗೆದಿದ್ದರೂ ಸೂಕ್ಷ್ಮದರ್ಶಕದಡಿ ಅದು ಸಾಲದೆಂದು ತೋರಬಹುದು. ವಿಕಿರಣ ಚಿಕಿತ್ಸೆ ಬೇಕೇ ಬೇಡವೇ ಎಂಬ ನಿರ್ಧಾರಕ್ಕೂ ಈ ಅಂಚು ಒಂದು ಆಧಾರ.

ಮಧುಗಿರಿ, ಪಾವಗಡಗಳಂತಹ ಊರುಗಳಿಂದ ದೂರದ ಪ್ರಯೋಗಶಾಲೆಗೆ ಕಳುಹಿಸುವ ಅಂಗಾಂಶ ಫಾರ್ಮಾಲಿನ್ನಿನಲ್ಲಿಯೇ ಪ್ರಯಾಣ ಮಾಡಬೇಕು. ಆದುದರಿಂದ ಹಸಿಯಾಗಿದ್ದಾಗಲೇ ಅಳೆದು, ಆ ಅಳತೆಯನ್ನು ಜೊತೆಯ ಚೀಟಿಯಲ್ಲಿ ನಮೂದಿಸುವುದು ಲೇಸು. ಯಾವ ಸ್ಥಿತಿಯಲ್ಲಿ ಅಳೆದುದೆಂದು ತಿಳಿಸದ ಅಂಕೆ ಅಪೂರ್ಣವೆಂದೇ ನಮ್ಮ ಅಭಿಪ್ರಾಯ.