ಬೃಜ್‌ರಾಜ್ ಭವನ, ಕೋಟಾ

ರಾಜಸ್ಥಾನದ ಕೋಟಾದಲ್ಲಿ ಚಂಬಲ್ ನದಿಯ ದಂಡೆಯ ಮೇಲಿರುವ ಈ ಕಟ್ಟಡ 19ನೇ ಶತಮಾನದಲ್ಲಿ ಬ್ರಿಟಿಷ್ ರೆಸಿಡೆನ್ಸಿಯಾಗಿತ್ತು. 1857ರ ಅಕ್ಟೋಬರ್ 15ರಂದು ಕೋಟಾ ಸಂಸ್ಥಾನದ ಬಂಡೆದ್ದ ಸೈನಿಕರು ಇದನ್ನು ಮುತ್ತಿದರು. ಪೊಲಿಟಿಕಲ್ ಏಜೆಂಟ್ ಮೇಜರ್ ಚಾರ್ಲ್ಸ್ ಬರ್ಟನ್ ಹಾಗೂ ಅವನ ಇಬ್ಬರು ಗಂಡುಮಕ್ಕಳು ಮಾಳಿಗೆ ಹತ್ತಿ ಗಂಟೆಗಟ್ಟಲೆ ತಡೆದು ನಿಂತರೂ ಜೀವ ಉಳಿಯಲಿಲ್ಲ. ಬಂಡಾಯದ ಮುಂದಾಳುಗಳು ಲಾಲಾ ಜಯದಯಾಳ್ ಮತ್ತು ಮೆಹ್ರಾಬ್ ಖಾನ್. 1858ರ ಮಾರ್ಚ್‌ನಲ್ಲಿ ಬ್ರಿಟಿಷರು ನಗರವನ್ನು ಮತ್ತೆ ವಶಪಡಿಸಿಕೊಂಡರು.

ಮುಂದೆ ಕೋಟಾ ರಾಜಮನೆತನದ ಕೈಸೇರಿದ ಭವನ ಹೋಟೆಲಾಯಿತು. ಬರ್ಟನ್‌ನ ದೆವ್ವ ಬೆತ್ತ ಹಿಡಿದು ರಾತ್ರಿ ಸುತ್ತುತ್ತದೆ ಎಂಬ ಪ್ರತೀತಿಯಿದೆ. ಸತ್ತರೂ ಸಿಪಾಯಿ ಶಿಸ್ತು ಬಿಟ್ಟಂತಿಲ್ಲ: ಪಹರೆಯಲ್ಲಿ ತೂಕಡಿಸುವ, ಸಿಗರೇಟು ಸೇದುವ ಕಾವಲುಗಾರರ ಕೆನ್ನೆಗೆ ಬಾರಿಸುತ್ತದಂತೆ. ಅತಿಥಿಗಳ ತಂಟೆಗೆ ಮಾತ್ರ ಬರುವುದಿಲ್ಲವಂತೆ.